ಪಕ್ಕದ ಸೀಟು

ಅತ್ತೆಯವರಿಗೆ ನಮಸ್ಕಾರ.

ಫೋನ್ ಮಾಡಿದರೆ ನೀವು ಅಳುತ್ತಾ ಕೂರುತ್ತೀರಿ, ಅದಕ್ಕೇ ಪತ್ರ. ನಿಮ್ಮ ಮಗಳು ಇಲ್ಲಿ ಬೆಟ್ಟದ ಕೆಳಗಿನ ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೇನೂ ಅಪಾಯವಿಲ್ಲ.

ಪ್ರವಾಸದ ಮೊದಲ ರಾಷ್ಟ್ರೀಯ ಉದ್ಯಾನದಲ್ಲೇ, ಫೋಟೊ ತೆಗೆಸಿಕೊಂಡ ಕಡೆ, ನೀವು ಹೆಣೆದುಕೊಟ್ಟ ಮಫ್ಲರನ್ನು ಮರೆತು ಬಸ್ಸು ಹತ್ತಿದ್ದೆ. ತರಲು ಅವಳನ್ನು ಕಳಿಸಿದೆ. "ಇಲ್ಲೇ ಅಲ್ವಾ, ಕೋಟ್ ಯಾಕೆ?" ಎಂದೆ. ಅವಳು ಬಿಟ್ಟುಹೋದ ಆ ಕೋಟು ಹೊದ್ದುಕೊಂಡ ನನಗೆ ಜೋಂಪು ಹತ್ತಿತು. ನಮ್ಮ ಗೈಡು ತಲೆ ಎಣಿಸುವವನಲ್ಲ; ಹೊರಡುವ ಮುಂಚೆ "ಪಕ್ಕದವರು ಇದ್ದಾರಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಾನೆ. ನಾನು ಕಣ್ಣು ಮುಚ್ಚಿಕೊಂಡೇ "ಇದ್ದಾಳಪ್ಪಾ" ಎಂದೆ. ಮಧ್ಯಾಹ್ನ ಊಟದ ಡಬ್ಬಿ ಕೈಗೆ ಬರದಿದ್ದಾಗಲೇ ಗೊತ್ತಾಗಿದ್ದು. ಬಸ್ಸು ಹಿಂದಕ್ಕೆ ತಿರುಗಿಸಬೇಕಾಯಿತು, ಹೆಪ್ಪುಗಟ್ಟಿದ ಜಲಪಾತ ಯಾರಿಗೂ ನೋಡಲು ಸಿಗಲಿಲ್ಲ. ಅವಳ ದೆಸೆಯಿಂದ ಎಲ್ಲರೂ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು.

ಹಿಮದ ಚಳಿಗೆ ಮರಗಟ್ಟಿಹೋದ ಬಲಗೈಯ ಎರಡು ಬೆರಳು ತೆಗೆದಿದ್ದಾರೆ. ಮುಷ್ಟಿ ಬಿಚ್ಚಲಿಲ್ಲವೆಂದು ಅದರೊಳಗಿದ್ದ ಮಫ್ಲರನ್ನೂ ಕತ್ತರಿಸಿಬಿಟ್ಟರು. ಇನ್ನೊಂದು ಹೆಣೆಯಿರಿ, ಈ ಸಲ ಸ್ವಲ್ಪ ಉದ್ದವಿರಲಿ.

ನೀವು ಬೇಗ ಬಂದು ಅವಳ ಜೊತೆಗಿರಿ. ನೋಡಬೇಕಾದ ಉದ್ಯಾನಗಳು ಇನ್ನೂ ಬಾಕಿ ಇವೆ, ನಾನು ಬಸ್ಸಿನ ಜೊತೆ ಮುಂದೆ ಹೋಗುತ್ತಿದ್ದೇನೆ. ಬಂದಾಗ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ. "ಯಾರ ಜೊತೆ ಬಂದಿದ್ರಿ?" ಎಂದು ನರ್ಸು ಕೇಳಿದರೆ, ಮಂಚದ ಪಕ್ಕದಲ್ಲಿ ನಾನು ನಿಂತಿರುವಾಗಲೇ, "ಒಬ್ಳೇ ಸಿಸ್ಟರ್. ಪಕ್ಕದ ಸೀಟಲ್ಲಿ ಯಾರೂ ಇರ್ಲಿಲ್ಲ" ಎಂದಳು.

ಇಂತಿ,
ನಿಮ್ಮ ಅಳಿಯ