ನೆಗ್ಗಿಲ ಪುಡಿಯ ಅಕ್ಕರೆ

ಅಣ್ಣನಿಗೆ,

ನೀನು ಕಳಿಸಿದ ನೆಗ್ಗಿಲು ಮುಳ್ಳಿನ ಪುಡಿ ಈ ತಿಂಗಳೂ ತಲುಪಿತು. "ಕಿಡ್ನಿಗೆ ಒಳ್ಳೇದು, ತಪ್ಪದೆ ಕುಡಿ" ಎಂಬ ಚೀಟಿಯೂ ಇತ್ತು. ಅಪ್ಪ ಹೋದ ಮೇಲೆ ನಾನು ಇದ್ದೇನೋ ಸತ್ತೆನೋ ಎಂದು ಕೇಳದವನಿಗೆ ಈಗ ನನ್ನ ಕಿಡ್ನಿಯ ಮೇಲೆ ಇದೆಂಥ ಅಕ್ಕರೆ?

ಮೊನ್ನೆ ಅತ್ತಿಗೆ ಫೋನ್ ಮಾಡಿ, "ನಿಂದು ಯಾವ ಬ್ಲಡ್ ಗ್ರೂಪಮ್ಮ?" ಅಂದರು. ಯಾಕೆ ಎಂದು ಕೇಳಿದರೆ, "ಸುಮ್ನೆ ಕೇಳ್ದೆ ಕಣೆ" ಎಂದು ನಕ್ಕರು. ಅದನ್ನು ಸುಮ್ಮನೆ ಯಾರು ಕೇಳುತ್ತಾರೆ?

ಮೊದಲ ಪೊಟ್ಟಣ ಕೊಡಲು ನೀನೇ ಬಂದಿದ್ದೆಯಲ್ಲ, ಅವತ್ತು ಕಾಲ್ಚೀಲದ ಗೆರೆ ನಿನ್ನ ಊದಿದ ಕಾಲಿನಲ್ಲಿ ಆಳವಾಗಿ ಕೂತಿತ್ತು. ದಿನವಿಡೀ ಜನರ ಮೈ ಅಳತೆ ತೆಗೆದು ಬಟ್ಟೆ ಹೊಲಿಯುವವಳು ನಾನು. ನನ್ನ ಕಣ್ಣಿಗೆ ಮಣ್ಣೆರಚಬೇಡ. ಕೆಟ್ಟಿರುವುದು ನಿನ್ನ ಕಿಡ್ನಿ, ಕಣ್ಣಿರುವುದು ನನ್ನದರ ಮೇಲೆ. ಹಾಲು ಕರೆಯುವ ಮುಂಚೆ ಹಸುವಿಗೆ ಹಿಂಡಿ ಇಟ್ಟ ಹಾಗಾಯಿತು.

ಪುಡಿಯನ್ನು ನಾನು ಮುಟ್ಟಿಲ್ಲ. ಪೊಟ್ಟಣಗಳೆಲ್ಲ ಹೊಲಿಗೆ ಮಷೀನಿನ ಡ್ರಾಯರಿನಲ್ಲೇ ಬಿದ್ದಿವೆ.

ಅತ್ತಿಗೆಗೆ ಗೊತ್ತಿಲ್ಲದಿರಬಹುದು, ನೀನೂ ಮರೆತಿರಬಹುದು; ಅಪ್ಪನಿಗೆ ನಾವಿಬ್ಬರೂ ರಕ್ತ ಕೊಟ್ಟ ದಿನವೇ ಗೊತ್ತಾಗಿತ್ತಲ್ಲ, ನಮ್ಮಿಬ್ಬರದೂ ಒಂದೇ ಗ್ರೂಪು. ಮಿಕ್ಕ ಪರೀಕ್ಷೆಗಳನ್ನು ನಾನೇ ಆಸ್ಪತ್ರೆಗೆ ಹೋಗಿ ಮಾಡಿಸಿಕೊಂಡು ಬಂದಿದ್ದೇನೆ.

ಭಾನುವಾರ ಅಂಗಡಿಗೆ ರಜೆ. ಒಬ್ಬನೇ ಬಾ. ಪುಡಿ ತರಬೇಡ, ಬಾಯಿ ಬಿಟ್ಟು ಕೇಳು.

ನಿನ್ನ ತಂಗಿ