ನಿಮ್ಮ ಕೋಷ್ಟಕದಲ್ಲಿಲ್ಲದ ದನಿ

ಸಹಾಯಕ ಉಪಕರಣಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಹೆಂಡತಿಯ ದನಿಗೆ ನೀವು ಬೀಗ ಹಾಕಿದ್ದೀರಿ. ಈ ತಿಂಗಳು ಮುಗಿದರೆ ಅದನ್ನು ಅಳಿಸಿಯೂ ಬಿಡುತ್ತೀರಿ. ಅರ್ಜಿ ಕೊಟ್ಟು, ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿಳಿದು ಸಾಕಾಗಿ, ಈಗ ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದಳು. ನರಗಳ ಕಾಯಿಲೆಯಿಂದ ಮಾತು ತೊದಲತೊಡಗಿದಾಗ ಮಾತಿನ ತರಬೇತಿ ಕೊಡುತ್ತಿದ್ದ ಚಿಕಿತ್ಸಕಿ, "ದನಿ ಪೂರ್ತಿ ಹೋಗೋ ಮೊದ್ಲೇ ರೆಕಾರ್ಡ್ ಮಾಡಿಟ್ಕೊಳ್ಳಿ ಅಮ್ಮ" ಎಂದರು. ಪ್ರತಿಧ್ವನಿ ಬರಬಾರದೆಂದು ಅವಳು ಬಟ್ಟೆಯ ಬೀರುವಿನೊಳಗೆ ಸ್ಟೂಲ್ ಹಾಕಿಕೊಂಡು, ಕಂಬಳಿಗಳ ನಡುವೆ ಕೂತು ರೆಕಾರ್ಡ್ ಮಾಡಿದಳು. ಚಿಕಿತ್ಸಕಿ ಕೊಟ್ಟ ಸಭ್ಯ ವಾಕ್ಯಗಳನ್ನೆಲ್ಲ ಪಕ್ಕಕ್ಕಿಟ್ಟು ತನಗೆ ಬೇಕಾದ್ದನ್ನೇ ಹೇಳಿದಳು. "ರೀ, ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ ಹಾಕಿದೀರ." "ನಂಗೆ ಗೊತ್ತು, ನೀವು ಸುಮ್ನಿರಿ." ಒಮ್ಮೆ ಬೀರುವಿನ ಹೊರಗೆ ನಾನು ಜೋರಾಗಿ ಸೀನಿಬಿಟ್ಟೆ. ಒಳಗೆ ಅವಳು ನಕ್ಕಳು. ಆ ನಗುವೂ ದಾಖಲಾಯಿತು, ಮಾತಾಡಿಸುವ ತಂತ್ರಾಂಶದಲ್ಲಿ ಅದಕ್ಕೂ ಒಂದು ಗುಂಡಿ ಇಟ್ಟುಕೊಂಡಳು. ದನಿ ಹೋದ ಮೇಲೆ, ನಿಮ್ಮ ಕಚೇರಿ ಕೊಟ್ಟ ಕಂಪ್ಯೂಟರಿನಲ್ಲಿ, ಮಿಸುಕಾಡುವ ಒಂದೇ ಬೆರಳಿನಿಂದ ಗುಂಡಿ ಒತ್ತಿ, ತನ್ನದೇ ದನಿಯಲ್ಲಿ ನನ್ನನ್ನು ಬೈಯುತ್ತಿದ್ದಳು. ಅದಕ್ಕೆ ನಾನು ನಿಮಗೆ ಋಣಿ, ಇದು ವ್ಯಂಗ್ಯವಲ್ಲ.

ಆಮೇಲೆ ನಿಮ್ಮ ಸುತ್ತೋಲೆ ಬಂತು. ನೀವು ಹಂಚಿದ ಕಂಪ್ಯೂಟರುಗಳೆಲ್ಲ ಇನ್ನು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆ ಬಿಟ್ಟು, ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲೇ ನಡೆಯತಕ್ಕದ್ದು. ಜೊತೆಗೊಂದು ಕೋಷ್ಟಕ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರನ್ನೂ ವೆಚ್ಚ, ಸಂಪನ್ಮೂಲ ಬಳಕೆ, ತಂತ್ರಾಂಶಗಳ ಹೊಂದಾಣಿಕೆ ಎಂದು ತೂಗಿ ನೋಡಿದ್ದೀರಿ. ನಾನು ಮುದ್ರಣಾಲಯದಲ್ಲಿ ಪುಟ ಜೋಡಿಸುವವನು, ಈ ಮೂರರ ಜೊತೆಗೂ ಏಗಿದ್ದೇನೆ. ನ್ಯಾಯವಾಗಿ ಹೇಳಬೇಕೆಂದರೆ ಮೊದಲೆರಡು ಕಾಲಂ ಸರಿಯಾಗಿವೆ. ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಹೊಸ ವಿಂಡೋಸ್ ಹಾಕಿದಾಗ ಏದುಸಿರು ಬಿಡುತ್ತಿದ್ದ ನಮ್ಮ ಪ್ರೆಸ್ಸಿನ ಹಳೆಯ ಕಂಪ್ಯೂಟರೊಂದು ಹಗುರವಾದ ಲಿನಕ್ಸ್ ಹಾಕಿದ ಮೇಲೆ ಚುರುಕಾಯಿತು. ಮ್ಯಾಕ್ ಚೆನ್ನಾಗಿದೆ, ಆದರೆ ಅದನ್ನು ಅದರದೇ ಯಂತ್ರದ ಸಮೇತ ಕೊಳ್ಳಬೇಕು. ಬೆಲೆ ಕೇಳಿದ ದಿನ ನಮ್ಮ ಮಾಲೀಕರು ಯಾರೊಡನೆಯೂ ಮಾತಾಡಲಿಲ್ಲ. ಇಷ್ಟಾದರೂ ಪ್ರೆಸ್ಸಿನ ಮೂಲೆಯಲ್ಲಿ ಒಂದು ಹಳೆಯ ವಿಂಡೋಸ್ ಯಂತ್ರವನ್ನು, ವೈರಸ್ ಕಾಟ ಬೇಡವೆಂದು ಇಂಟರ್‌ನೆಟ್ಟಿಗೆ ಜೋಡಿಸದೆ, ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಹಿಂದೆ ಜೋಡಿಸಿದ ಪುಸ್ತಕಗಳು ಅದರಲ್ಲಿ ಮಾತ್ರ ಸರಿಯಾಗಿ ತೆರೆಯುತ್ತವೆ. ಯಂತ್ರ ಮುಟ್ಟುವ ಮೊದಲು, ಇದರಲ್ಲಿ ಯಾರ ಯಾವ ಕೆಲಸ ನಡೆಯುತ್ತಿದೆ ಎಂದು ನಮ್ಮಲ್ಲಿ ಕೇಳಿಕೊಳ್ಳುತ್ತಾರೆ.

ನಿಮ್ಮ ಮೂರನೆಯ ಕಾಲಂನಲ್ಲಿ "ಪೂರ್ಣ ಹೊಂದಾಣಿಕೆ" ಎಂದಿದೆ. ಯಾವುದರ ಜೊತೆ? ಅಡಿಟಿಪ್ಪಣಿ ಓದಿದೆ: ಪತ್ರ ಬರೆಯುವುದು, ಲೆಕ್ಕದ ಹಾಳೆ, ಇಮೇಲ್. ನಿಮ್ಮ ಕಚೇರಿಗೆ ಬೇಕಾದ್ದೆಲ್ಲ ಇದೆ. ಮಾತು ಕಳೆದುಕೊಂಡವರಿಗೆಂದು ಕೊಟ್ಟ ಕಂಪ್ಯೂಟರಿನಲ್ಲಿ ಮಾತಾಡಿಸುವ ತಂತ್ರಾಂಶ ನಡೆಯುತ್ತದೆಯೇ ಎಂದು ನೋಡಬೇಕೆಂಬುದು ಕೋಷ್ಟಕ ಮಾಡಿದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನಿಮ್ಮ ತಂತ್ರಜ್ಞರು ಬಂದು ಬದಲಾಯಿಸಿ, ಬರೆದದ್ದನ್ನು ಸಿದ್ಧ ದನಿಯಲ್ಲಿ ಓದುವ ಹೊಸ ತಂತ್ರಾಂಶವೊಂದನ್ನು ಹಾಕಿ ಹೋದರು. ಅವಳ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದ್ದು. ಅದನ್ನು ಮಾಡಿದ ಪುಟ್ಟ ಕಂಪನಿ ಮುಚ್ಚಿಹೋಗಿದೆ. ಅದರ ಪರವಾನಗಿ ಆ ಒಂದು ಯಂತ್ರಕ್ಕೇ ಅಂಟಿಕೊಂಡಿದೆ, ಅವಳ ದನಿಯಿರುವ ಅದರ ಕಡತಗಳನ್ನು ಬೇರೆ ಯಾವುದೂ ಓದುವುದಿಲ್ಲ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ಉಪಾಯವನ್ನೂ ಅವರು ಮಾಡಿ ನೋಡಿದರು. ಗುಂಡಿಗಳು ಬಂದವು, ದನಿ ಬರಲಿಲ್ಲ. "ಹಳೇದು ಡಿಸ್ಕಿನ ಒಂದು ಭಾಗದಲ್ಲಿ ಹಾಗೇ ಇದೆ ಸಾರ್. ಪಾಸ್‌ವರ್ಡ್ ಆಫೀಸಲ್ಲಿದೆ. ಆರ್ಡರ್ ಇಲ್ದೆ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ" ಎಂದರು. ತಿಂಗಳ ಕೊನೆಗೆ ಆ ಭಾಗ ತಾನಾಗಿಯೇ ಅಳಿಯುತ್ತದಂತೆ, ಜಾಗ ಉಳಿಸಲು. ಸಂಪನ್ಮೂಲ ಬಳಕೆಯಲ್ಲಿ ನಿಮಗೆ ಪೂರ್ತಿ ಅಂಕ.

ನಿಮ್ಮ ಗುಮಾಸ್ತರ ಬಳಿ ಹೋದೆ. "ಹೊಸದ್ರಲ್ಲೂ ದನಿ ಬರುತ್ತಲ್ಲ ಸಾರ್?" ಎಂದರು.

"ಬರುತ್ತೆ. ಯಾರದ್ದೋ ಬರುತ್ತೆ" ಎಂದೆ. ಅವರು ಫೈಲು ಮುಚ್ಚಿದರು.

ಆ ಯಾರದ್ದೋ ದನಿ ನಮ್ಮ ಮನೆಯಲ್ಲಿ ಮೊದಲು ಆಡಿದ ಮಾತು, "ದಯವಿಟ್ಟು ನನಗೆ ನೀರು ನೀಡಿ." ಮದುವೆಯಾದಾಗಿನಿಂದ ಅವಳು ನನಗೆ ದಯವಿಟ್ಟು ಎಂದವಳಲ್ಲ. ನನಗೆ ನಗು ಬಂತು. ಅವಳಿಗೂ ಬಂದಿರಬೇಕು, ಆದರೆ ನಗುವ ಗುಂಡಿ ಇರಲಿಲ್ಲ. ಸಂಜೆ ಮಗಳು ಫೋನ್ ಮಾಡಿದಳು. ಅವಳಮ್ಮ ಒಂದೊಂದೇ ಅಕ್ಷರ ಒತ್ತಿ "ಊಟ ಆಯ್ತಾ ಪುಟ್ಟಿ" ಎಂದು ಕೇಳಿಸಿದಳು.

"ಅಪ್ಪಾ, ಯಾರದು ಮನೇಲಿ?" ಎಂದಳು ಮಗಳು.

ಅವಳ ತಪ್ಪೇನಿಲ್ಲ, ನನಗೂ ಗುರುತು ಸಿಗುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಶಬ್ದ ಬಂದ್ ಮಾಡಿ, ತೆರೆಯ ಮೇಲೆ ಒಂದು ಸಾಲು ಬರೆದಳು: "ನನ್ನ ದನಿ ಬರೋ ತನಕ ನಾನು ಮಾತಾಡಲ್ಲ." ಅಂದಿನಿಂದ ಬೆರಳು ಎತ್ತಿಲ್ಲ. ಹೌದು ಎನ್ನಲು ಕಣ್ಣು ಮುಚ್ಚುತ್ತಾಳೆ, ಬೇಡ ಎನ್ನಲು ಗೋಡೆಯ ಕಡೆ ನೋಡುತ್ತಾಳೆ. ಈಗ ಹೆಚ್ಚಾಗಿ ಗೋಡೆಯ ಕಡೆಗೇ ನೋಡುತ್ತಾಳೆ. ಆ ಬೆರಳೂ ದಿನೇ ದಿನೇ ಸೋಲುತ್ತಿದೆ, ಮಾನ್ಯರೇ. ನೀವು ಫೈಲು ತೆರೆಯುವಷ್ಟರಲ್ಲಿ ಗುಂಡಿ ಒತ್ತಲು ಅದು ಉಳಿದಿರುತ್ತದೋ ಇಲ್ಲವೋ ಎಂದು ನನಗೆ ಭಯವಾಗುತ್ತಿದೆ.

ನಿಮ್ಮ ಲಿನಕ್ಸ್ ಇರಲಿ, ಉಳಿತಾಯವೂ ಇರಲಿ. ನಾನು ಕೇಳುವುದು ಒಂದು ಸಾಲಿನ ಆದೇಶ: ಈ ಒಂದು ಯಂತ್ರಕ್ಕೆ ಹಳೆಯ ವ್ಯವಸ್ಥೆ ಮರಳಲಿ. ಅದನ್ನು ಇಂಟರ್‌ನೆಟ್ಟಿಗೆ ಜೋಡಿಸುವುದಿಲ್ಲ ಎಂದು ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಅದೂ ಆಗದಿದ್ದರೆ ಅಳಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬೇಡಿ. ನೀವೇ ನಮ್ಮ ಮನೆಗೆ ಬನ್ನಿ, ಅವಳ ಎದುರು ಕೂತು ನಿಮ್ಮ ಕೈಯಿಂದಲೇ ಅಳಿಸಿ. ಅಳಿಸುವ ಮೊದಲು, ನಾನು ಸೀನಿದಾಗ ಅವಳು ನಕ್ಕ ಆ ನಗುವನ್ನು ಒಂದು ಸಲ ನಮ್ಮಿಬ್ಬರಿಗೂ ಕೇಳಿಸಿಬಿಡಿ.

ಇಂತಿ,
ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ಮೇಲೆ ಹಾಕಿ, ಬೈಗುಳಕ್ಕೆ ಕಾದು ಕೂತಿರುವ ಗಂಡ