ಪಶ್ಚಿಮದ ಗೋಡೆ

ಕಟ್ಟುತ್ತಿರುವ ಮನೆಯಿಂದ,
ಜೂನ್ ೧೧, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ತಲೆ ಮೇಲೆ ಭಾರ ಬೀಳೋವರೆಗೂ ಗೋಡೆ ಸುಮ್ಮನೆ ನಿಂತಿರುತ್ತೆ ಅಷ್ಟೆ, ಅದನ್ನ ನಂಬಬಾರದು ಎಂದು ಭಾವ ಹೇಳಿದ್ದು ಪಾಯ ಮುಗಿದ ದಿನವೋ, ಇಟ್ಟಿಗೆ ಕಿಟಕಿಯ ಮಟ್ಟಕ್ಕೆ ಬಂದ ದಿನವೋ ನೆನಪಾಗುತ್ತಿಲ್ಲ. ಅದಕ್ಕೆ ಅಪ್ಪ, "ಅಳಿಯಂದಿರೂ ಹಾಗೇ ಅಲ್ವೇನಯ್ಯಾ" ಎಂದದ್ದು, ಭಾವ ಕರಣೆಯಲ್ಲಿದ್ದ ಗಾರೆಯನ್ನು ಕಾಲ ಮೇಲೆ ಚೆಲ್ಲಿಕೊಂಡು ನಕ್ಕಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಮೂರನೇ ಮಹಡಿಯಲ್ಲಿ ಮನೆ ಮಾಡಿದವಳು ನೀನು. ಬಟ್ಟೆ ಒಣಗಿಸಲು ತಾರಸಿಗೂ ಹತ್ತುತ್ತಿರಬೇಕು, ನನಗೆ ಗೊತ್ತು. ಭಾವನ ಕೆಮ್ಮು ಕಡಿಮೆಯಾಯಿತೆ? ಅವರ ವಿಷಯ ನಿನ್ನ ಪತ್ರದಲ್ಲಿ ಎರಡೇ ಸಾಲು: ಗೋದಾಮಿನ ಗೇಟು ಕಾಯುತ್ತಾರೆ, ಕೆಲಸದ ಚೀಲ ಅಟ್ಟ ಸೇರಿದೆ, ಕರಣೆಯನ್ನು ಮುಟ್ಟುವುದೇ ಇಲ್ಲವಂತೆ. ಮೂವತ್ತು ವರ್ಷ ಗೋಡೆ ಎಬ್ಬಿಸಿದ ಕೈ ಅದು. ಬಯ್ದು ಬರೆದಿದ್ದರೆ ಓದಲು ಸುಲಭವಾಗುತ್ತಿತ್ತು.

ಇಲ್ಲಿ ಮನೆಯ ಕೆಲಸ ಮತ್ತೆ ಶುರುವಾಗಿದೆ. ಗೋಡೆ ಬಿದ್ದು ಅಪ್ಪ ಹೋದ ಜಾಗದಲ್ಲಿ ಹೇಗೆ ಮಲಗುತ್ತೀಯೋ ಎಂದು ನೀನು ಕೇಳಿದ್ದೆ. ಉಳಿದ ಮೂರು ಗೋಡೆಗಳು ಹತ್ತು ತಿಂಗಳು ಬಿಸಿಲಿಗೂ ಮಳೆಗೂ ಹಾಗೇ ನಿಂತಿದ್ದವು, ಸುಮ್ಮನೆ; ಒಂದು ದಿನ ಅವುಗಳ ಮುಂದೆ ಹಾದುಹೋಗುವುದು ನನಗೆ ಕಷ್ಟವಾಯಿತು. ಅದಕ್ಕೇ ಶುರುಮಾಡಿದೆ ಎಂದು ಕಾಣುತ್ತದೆ.

ಈ ಸಲ ಮಳೆಗೆ ಮೊದಲೇ ಸಿದ್ಧನಾಗಿದ್ದೆ. ಸುತ್ತ ಮೊಣಕಾಲಾಳದ ಕಾಲುವೆ ತೋಡಿಸಿ ನೀರನ್ನು ರಸ್ತೆಯ ಮೋರಿಗೆ ತಿರುಗಿಸಿದ್ದೇನೆ. ಸಿಮೆಂಟಿನ ಚೀಲಗಳು ಎದುರುಮನೆಯ ಗ್ಯಾರೇಜಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ ಹಲಗೆಯ ಮೇಲಿವೆ. ದಿನದ ಕೆಲಸ ಮುಗಿದ ಕೂಡಲೇ ಗೋಡೆಯ ತಲೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಬಿಡಿ ಇಟ್ಟಿಗೆ ಇಡುತ್ತೇವೆ. ಎರಡೂ ಕಡೆ ಓರೆಯಾಗಿ ಮರದ ಆಸರೆ ಕೊಟ್ಟಿದೆ. ದಿನಕ್ಕೆ ಐದು ಸಾಲಿಗಿಂತ ಹೆಚ್ಚು ಏರಿಸಲು ನಾನು ಬಿಡುವುದಿಲ್ಲ. ಹೊಸ ಮೇಸ್ತ್ರಿಗೆ ಬಾಯಿ ಜಾಸ್ತಿ, ಕೆಲಸದವರೆಲ್ಲ ಅವನನ್ನು ರೇಡಿಯೋ ಎಂದೇ ಕರೆಯುತ್ತಾರೆ. "ಏನ್ ಸಾರ್, ಮನೆ ಕಟ್ತಿದೀರೋ, ಬಾಣಂತಿ ಆರೈಕೆ ಮಾಡ್ತಿದೀರೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಬಿದ್ದ ಪಶ್ಚಿಮದ ಗೋಡೆಯ ರಾಶಿಯನ್ನು ಇಷ್ಟು ದಿನ ನಾನು ಮುಟ್ಟಿಸಿರಲಿಲ್ಲ. ಮೊನ್ನೆ ರೇಡಿಯೋ ಅದರ ಇಟ್ಟಿಗೆಗಳನ್ನು ಬಿಡಿಸಿ ಮತ್ತೆ ಬಳಸೋಣ ಎಂದು ಸುತ್ತಿಗೆ ಹಿಡಿದು ಕೂತ. ಆರೇಳು ಇಟ್ಟಿಗೆ ಒಟ್ಟಿಗೇ ಅಂಟಿಕೊಂಡಿದ್ದ ಒಂದು ಗಡ್ಡೆಯನ್ನು ಮಗ್ಗುಲು ತಿರುಗಿಸಿ ಬಹಳ ಹೊತ್ತು ನೋಡಿದ. "ಗಾರೆ ಕೆಟ್ಟಿದ್ರೆ ಬಿಡಿಬಿಡಿಯಾಗಿ ಉದುರ್ತಿತ್ತು ಸಾರ್. ಇದು ಹಿಡಿದಿದೆ. ಕಟ್ಟಿದೋನು ಒಳ್ಳೆ ಕೆಲಸಗಾರ" ಎಂದ. ಬಿದ್ದ ದಿನ ಗಾಳಿ ಜೋರಾಗಿತ್ತು ಎಂದೆ. ಅವನು ಎದ್ದು ನಿಂತು ಗಾಳಿ ಬರುವ ದಿಕ್ಕನ್ನೂ ರಾಶಿ ಬಿದ್ದಿದ್ದ ದಿಕ್ಕನ್ನೂ ನೋಡಿದ. "ಗಾಳಿ ತಳ್ಳಿದ್ರೆ ಒಳಗೆ ಬೀಳ್ಬೇಕಿತ್ತು. ಇದು ಹೊರಗೆ ಬಿದ್ದಿದೆ. ಯಾರೋ ಹಿಡಿದು ಎಳೆದ ಹಾಗಿದೆ." ಮತ್ತೆ ಕೂತು ಇಟ್ಟಿಗೆ ಬಿಡಿಸತೊಡಗಿದ.

ಅಪ್ಪನನ್ನು ಕಳಿಸಿಕೊಟ್ಟು ಬಂದ ದಿನ ಹಳೆಯ ಬಾಡಿಗೆ ಮನೆಯ ನಡುಕೋಣೆಯಲ್ಲಿ ನಾವೆಲ್ಲ ಕೂತಿದ್ದೆವಲ್ಲ. ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ, "ಸಿಮೆಂಟಲ್ಲಿ ಕೈ ಹಿಡಿತ ಮಾಡೋಕೆ ಹೋಗಿ ಮಾವನನ್ನೇ ತೆಗೆದ" ಎಂದರು. ನೀನು ಎದ್ದು ಒಳಗೆ ಹೋದೆ. ಭಾವ ಜಗಳ ಮಾಡಲಿಲ್ಲ. ತಮ್ಮ ಅಂಗೈಗಳನ್ನೇ ನೋಡುತ್ತಾ, "ಮರಳು ನೆನೆದಿತ್ತು. ನೀರು ಕಮ್ಮಿ ಮಾಡ್ಬೇಕಿತ್ತೇನೋ" ಎಂದರು. ತಪ್ಪನ್ನು ಹುಡುಕುತ್ತಿದ್ದರು, ಸಿಕ್ಕಿದ್ದನ್ನು ಎತ್ತಿಕೊಂಡರು. ಆ ರಾಶಿಯನ್ನು ಅವರು ಸರಿಯಾಗಿ ನೋಡಿರಲೇ ಇಲ್ಲ. ನೋಡಿದ್ದರೆ ರೇಡಿಯೋಗೆ ಕಂಡದ್ದು ಅವರಿಗೆ ಕಾಣದೆ ಇರುತ್ತಿತ್ತೇ? ನಾನು ಬಾಗಿಲ ಹತ್ತಿರ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಒಬ್ಬೊಬ್ಬರಿಗೂ ನೀರು ಕೊಟ್ಟೆ. ಭಾವನಿಗೂ ಕೊಟ್ಟೆ. ಕುಡಿದು, ಲೋಟ ವಾಪಸು ಕೊಡುವಾಗ ನನ್ನ ಭುಜ ತಟ್ಟಿದರು.

ಮಳೆ ಮತ್ತೆ ಶುರುವಾಗಿದೆ. ಕೆಲಸದವರು ಅಡುಗೆಮನೆಯಾಗಬೇಕಾದ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದಾರೆ. ನನ್ನವಳು ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು; ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ ಎಂದಳು. ಭಾವನಿಗೆ ನನ್ನ ನಮಸ್ಕಾರ. ಅದನ್ನು ತೆಗೆದುಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದ್ದು.

ನಿನ್ನ ತಮ್ಮ

ಮರೆತದ್ದು: ಮರೆತದ್ದಲ್ಲ ಅಕ್ಕಾ. ಅಂಟಿಸಿದ್ದ ಕವರು ಹರಿದು ಮತ್ತೆ ಬರೆಯುತ್ತಿದ್ದೇನೆ, ಅಂಚೆಯವನು ಬರುವುದರೊಳಗೆ ಮುಗಿಸಬೇಕು. ಸಿಮೆಂಟಿನ ಮೇಲಿನ ಟಾರ್ಪಾಲಿಗೆಂದು ಭಾವ ಪಶ್ಚಿಮದ ಗೋಡೆಯ ಹೊರಗೆ, ಅದಕ್ಕೆ ತಾಗದಂತೆ ನಾಲ್ಕು ಗಳ ನೆಟ್ಟಿದ್ದರು. ಗಾಳಿಗೆ ಕಿತ್ತುಹೋದರೆ ಹೋಗಲಿ, ಹಾಳೆ ತಾನೇ ಎಂದು ಹೇಳಿಯೇ ಅವತ್ತು ಕಬ್ಬಿಣದ ಕಂಬಿ ತರಲು ಹೋದರು. ಮೂರು ಗಂಟೆಗೆ ಎರಡು ಗಳ ಕೆಸರಿನಲ್ಲಿ ಕುಸಿದವು. ಚೀಲಗಳು ನೆನೆಯುತ್ತಿದ್ದವು. ಕೆಲಸದವರು ಹತ್ತಿ ನಿಲ್ಲುವ ಸಾರುವೆ ಕಟ್ಟಲೆಂದು ಗೋಡೆಯ ಮೇಲ್ಗಡೆ ಬಿಟ್ಟಿದ್ದ ತೂತುಗಳಲ್ಲಿ ಹಗ್ಗ ತೂರಿಸಿ ಟಾರ್ಪಾಲನ್ನು ನಾನು ಗೋಡೆಗೇ ಬಿಗಿದೆ, ಬಿಚ್ಚದಂತೆ ಎರಡೆರಡು ಗಂಟು ಹಾಕಿ. ಅಪ್ಪ ಬಂದು ಚೀಲದ ಮೇಲೆ ಕೂತರು. "ಇದೇ ಚೆನ್ನಾಗಿದೆ ಕಣೋ, ಗೋಡೆ ಯಾಕೆ ಬೇಕಿತ್ತು" ಎಂದರು. ನಾನು ಕುಡಿಯುವ ನೀರಿನ ಕೊಡ ತರಲು ಮನೆಯ ಹಿಂದಕ್ಕೆ ಹೋದೆ. ಗಾಳಿ ಟಾರ್ಪಾಲಿನ ಕೆಳಗೆ ನುಗ್ಗಿ ಅದನ್ನು ಎತ್ತಿತು, ಅದು ಗೋಡೆಯನ್ನು ಎಳೆದುಕೊಂಡು ಬಂತು. ಓಡಿ ಬಂದವನು ಮೊದಲು ಇಟ್ಟಿಗೆ ಎತ್ತಲಿಲ್ಲ. ಯಾರನ್ನೂ ಕೂಗಲಿಲ್ಲ. ಹಗ್ಗದ ಗಂಟು ಬಿಚ್ಚಿದೆ. ನೆನೆದ ಗಂಟು, ಬೇಗ ಬಿಚ್ಚಲಿಲ್ಲ. ಹಗ್ಗವನ್ನು ಮೋರಿಗೆ ಎಸೆದ ಮೇಲೆ ಕೂಗಿದೆ. ಗಾರೆಯಲ್ಲಿ ಏನೂ ತಪ್ಪಿರಲಿಲ್ಲ ಎಂದು ಭಾವನಿಗೆ ನೀನು ಓದಿ ಹೇಳುತ್ತೀಯಾ, ಇಲ್ಲ, ನಾನೇ ಬಂದು ಗೋದಾಮಿನ ಗೇಟಿನ ಮುಂದೆ ನಿಂತರೆ ಅವರು ನನ್ನನ್ನು ಒಳಗೆ ಬಿಡುತ್ತಾರಾ?